ಗುಡ್ಡವ್ವನ ‘ವ್ವ’

ಗುಡ್ಡವ್ವ ಇಪ್ಪತ್ತಾರು ವರ್ಷ ಹುಬ್ಬಳ್ಳಿಯ ಬೀದಿ ಗುಡಿಸಿದಳು. ಹಿಂದಕ್ಕೆ ಬಂದ ಕಸದ ಲಾರಿಗೂ ಗೋಡೆಗೂ ನಡುವೆ ಸಿಕ್ಕು ಸತ್ತಳು. ‘ಆಕಿ ನಮ್ಮ ಆಳ ಅಲ್ಲ’ ಎಂದ ಗುತ್ತಿಗೆದಾರ. ಅವನ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಅವಳ ಮಗಳು ಪ್ರಭಾವತಿ. ಗೋಕುಲ ರಸ್ತೆಯ ಸಣ್ಣ ಕಂಪನಿಯಲ್ಲಿ ವೆಬ್‌ಸೈಟ್ ಕಟ್ಟುತ್ತಾಳೆ. ಹೀಗೆ ಲೆಕ್ಕಕ್ಕಿಲ್ಲದೆ ಸತ್ತ ನೂರಾ ಹದಿನೇಳು ಜನರ ಹೆಸರನ್ನು ನಮ್ಮ ಪೌರಕಾರ್ಮಿಕರ ಸಂಘ ವೆಬ್‌ಸೈಟಿಗೆ ಹಾಕಲು ಹೊರಟಾಗ, ರಜೆ ಹಾಕಿ ಬಂದು ಕೂತಳು. ಅಂದು ಸಂಜೆ ನಾಲ್ಕಕ್ಕೆ ಆ ಹೆಸರುಗಳನ್ನು ತೋರಿಸುವ ಸಭೆ. ಒಂದಕ್ಷರ ತಪ್ಪಿದರೂ ಅಧಿಕಾರಿಗಳು ‘ಇದು ಬೇರೆ ಯಾರೋ’ ಎಂದು ಮನೆಯವರ ಪರಿಹಾರದ ಅರ್ಜಿ ಎಸೆಯುತ್ತಾರೆ. ಆ ಮಾತು ಕೇಳಿ ಕೇಳಿ ನಮಗೆ ಸಾಕಾಗಿದೆ.

ಅವಳು ಬಳಸುತ್ತಿದ್ದದ್ದು ಜಾವಾಸ್ಕ್ರಿಪ್ಟ್‌ನ ಟಾಸ್ಕ್ ರನ್ನರ್. ಹುಲಗಪ್ಪ ಬಗ್ಗಿ ನೋಡಿದ. ಬೆಳಗಿನ ಹಾಜರಿ ಹಿಡಿದು ಆಳುಗಳಿಗೆ ಕೆಲಸ ಹಂಚುತ್ತಿದ್ದ ಹಳೆಯ ಮುಕಾದಮ ಅವನು.

“ಇದೇನ ಮಾಡತೈತಿ, ಪ್ರಭಾ?”

“ನಿಮ್ಮಂಗ, ಕಾಕಾ. ತಾನು ಕಸಬರಿಗಿ ಮುಟ್ಟಂಗಿಲ್ಲ. ಫೈಲ್ ಕೂಡಸು, ಸಣ್ಣ ಮಾಡು, ಸೈಟಿಗೆ ಏರಸು ಅಂತ ಸಾಲಾಗಿ ಕೆಲಸ ಹಚ್ಚತೈತಿ. ದುಡಿಯೋ ಆಳು ಅಂದ್ರ ಪ್ಲಗಿನ್.”

“ನನ್ನ ಮಾರಿ ಮ್ಯಾಲೇ ಅಂತೀಯಲ್ಲ!”

ಅಂದು ಅವಳು ತಾನೇ ಬರೆದ ಹೊಸ ಪ್ಲಗಿನ್ ಒಂದನ್ನು ಸೇರಿಸಿದ್ದಳು. ಮನೆಯವರು ಕೊಟ್ಟ ಅರ್ಜಿ ನೋಡಿ ಅವಳು ಒಂದು ಪಟ್ಟಿ ಟೈಪು ಮಾಡಿದ್ದಳು. ಹುಲಗಪ್ಪ ತನ್ನ ಹಾಜರಿ ಪುಸ್ತಕ ಓದಿದಂತೆ ಸಂಘದ ಹುಡುಗಿ ಸೌಮ್ಯಾ ಇನ್ನೊಂದು ಮಾಡಿದ್ದಳು. ಎರಡರಲ್ಲಿ ಒಂದಕ್ಷರ ಬೇರೆಯಾದರೂ ಪ್ಲಗಿನ್ ಮುಂದಿನ ಕೆಲಸವನ್ನೆಲ್ಲ ನಿಲ್ಲಿಸಬೇಕು.

ಮೂರೂವರೆಗೆ ನಿಲ್ಲಿಸಿತು. ಪರದೆಯ ಮೇಲೆ ಕೆಂಪು ಸಾಲು: ಒಂದರಲ್ಲಿ ಗುಡ್ಡಮ್ಮ, ಇನ್ನೊಂದರಲ್ಲಿ ಗುಡ್ಡವ್ವ.

“ನಂದ ತಪ್ಪಿರಬೇಕ್ರಿ ಅಕ್ಕಾ. ಅಮ್ಮ ಅಂತ ಮಾಡ್ಲೇನ್ರಿ?” ಎಂದಳು ಸೌಮ್ಯಾ.

ಹುಲಗಪ್ಪ ಪುಸ್ತಕ ತೆರೆದು ಬೆರಳಿಟ್ಟ. “ಈ ಹಾಜರಿ ಹಿಡದಾಂವ ನಾನು. ಅಮ್ಮ ಗಿಮ್ಮ ಯಾರೂ ಇರಲಿಲ್ಲ ಅಲ್ಲಿ.”

ತಪ್ಪು ಪ್ರಭಾವತಿಯದು. ಅವಳನ್ನು ಶಾಲೆಯ ಒಂದನೇ ಇಯತ್ತೆಗೆ ಸೇರಿಸುವಾಗ ಮಾಸ್ತರರು ತಾಯಿಯ ಹೆಸರನ್ನು ‘ಅವ್ವ ಅಂತ ಬರೀಬಾರದು, ಚೆಂದ ಕಾಣಂಗಿಲ್ಲ’ ಎಂದು ತಿದ್ದಿದ್ದರು. ಅಂಕಪಟ್ಟಿ, ಪದವಿ ಪತ್ರ, ಎಲ್ಲದರಲ್ಲೂ ಅವಳು ಗುಡ್ಡಮ್ಮನ ಮಗಳು. ತಾಯಿಯ ಅರ್ಜಿಯನ್ನು ಬರೆದವಳೂ ಅವಳೇ. ಕೈ ತಾನಾಗಿ ಹಾಗೇ ಬರೆದಿತ್ತು.

“ಅವ್ವ ಅಂತ ಹಾಕಿದ್ರ ನಿನ್ನ ಕಾಗದಕ್ಕ ಕೂಡಂಗಿಲ್ಲ,” ಎಂದ ಹುಲಗಪ್ಪ. “ನೀ ಆಕಿ ಮಗಳ ಅಲ್ಲ ಅಂತಾರ, ನೋಡವಾ.”

“ಆ ಪ್ಲಗಿನ್ ಬಂದ್ ಮಾಡಿ ಏರಿಸಿಬಿಡ್ರಿ ಅಕ್ಕಾ. ಮಂದಿ ಬರಾಕತ್ತಾರ,” ಎಂದಳು ಸೌಮ್ಯಾ.

ಪ್ರಭಾವತಿ ತನ್ನ ಪಟ್ಟಿಯನ್ನು ತೆರೆದಳು.

“ಅಂದ್ರ ಅನ್ನಲಿ. ದುಡದಾಕಿ ಗುಡ್ಡವ್ವ.”

‘ಮ್ಮ’ ಅಳಿಸಿ ‘ವ್ವ’ ಒತ್ತಿದಳು. ಪ್ಲಗಿನ್ ದಾರಿ ಬಿಟ್ಟಿತು. ನಾಲ್ಕಕ್ಕೆ ಹೆಸರು ಸಭೆಯ ಪರದೆಯ ಮೇಲೆ ಬಂತು.

ಸೋಮವಾರ ತನ್ನ ಅಂಕಪಟ್ಟಿಯಲ್ಲಿ ತಾಯಿಯ ಹೆಸರು ತಿದ್ದಿಸಲು ಅರ್ಜಿ ಹಿಡಿದು ಕಚೇರಿಗೆ ಹೋದಳು. ಐದು ತಿಂಗಳಾಯಿತು. ಇನ್ನೂ ಹೋಗುತ್ತಿದ್ದಾಳೆ.