ಒಂದು ಮಿಲಿಗ್ರಾಂ ಎಲ್ಲಿ ಹೋಯಿತು

ಔಷಧ ಪರೀಕ್ಷಾಲಯದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರೂ. ಗಾಜಿನ ಸಾಮಾನು ತೊಳೆಯಲು ಸೇರಿದವಳು ಸಂಜೆ ಕಾಲೇಜಿನಲ್ಲಿ ಓದಿ, ಹದಿನಾಲ್ಕು ವರ್ಷಗಳಲ್ಲಿ ವಿಶ್ಲೇಷಕಿಯಾಗಿದ್ದಳು. ಅದನ್ನು ಅರಗಿಸಿಕೊಳ್ಳಲಾಗದವರು ಒಂದಿಬ್ಬರಿದ್ದರು. ಇರಲಿ, ಎಲ್ಲ ಕಡೆಯೂ ಇರುತ್ತಾರೆ.

ಆ ವರ್ಷ ಅವಳ ಪಾಲಿಗೆ ಬಂದದ್ದು ಸಕ್ಕರೆ ಕಾಯಿಲೆಯ ಹೊಸ ಗುಳಿಗೆ. ಒಂದರಲ್ಲೇ ಎರಡು ಔಷಧ: ಒಂದು ಐನೂರು ಮಿಲಿಗ್ರಾಂ, ಇನ್ನೊಂದು ಬರೀ ಒಂದು. ಎರಡನ್ನೂ ಒಂದೇ ಪರೀಕ್ಷೆಯಲ್ಲಿ ಅಳೆಯುವ ವಿಧಾನವನ್ನು ಅವಳು ರೂಪಿಸಬೇಕಿತ್ತು. ಮನೆಯಲ್ಲಿ ಅವಳ ಅತ್ತೆ, ಅದೇ ಕಾಯಿಲೆಗೆ ಕೊಟ್ಟ ಎರಡು ಗುಳಿಗೆಯಲ್ಲಿ ಒಂದನ್ನು ನುಂಗಿ ಇನ್ನೊಂದನ್ನು ದಿಂಬಿನಡಿ ತಳ್ಳುವ ಗಟ್ಟಿಗಿತ್ತಿ. ಹಾಗಾಗಿ ಈ ಕೆಲಸದ ಮೇಲೆ ಅಕ್ಕನಿಗೆ ಸ್ವಂತ ಆಸೆಯೂ ಇತ್ತು. ಐದು ತಿಂಗಳು ಯಂತ್ರದ ಮುಂದೆ ಕೂತಳು. ಯಂತ್ರ ಕಾಗದದ ಮೇಲೆ ಎಳೆದ ಗೆರೆಯಲ್ಲಿ ದೊಡ್ಡ ಔಷಧದ ಗುಡ್ಡದ ಪಕ್ಕದಲ್ಲಿ ಚಿಕ್ಕದರ ಪುಟ್ಟ ದಿಬ್ಬ ಬೇರೆಯಾಗಿ ನಿಂತ ದಿನ ಊಟ ಮಾಡುವುದನ್ನೇ ಮರೆತಳು. ಗುಳಿಗೆಯಲ್ಲಿ ಇರಬೇಕಾದಷ್ಟರಲ್ಲಿ, ಅವಳ ಕೈಯಲ್ಲಿ ಎರಡೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರುತ್ತಿದ್ದವು.

ಆದರೆ ಅವಳು ಬರೆದಿಟ್ಟದ್ದನ್ನು ಓದಿಕೊಂಡು ಇನ್ನೊಬ್ಬರು ಮಾಡಿದರೂ ಅದೇ ಉತ್ತರ ಬರಬೇಕೆಂಬುದು ನಿಯಮ. ಆ ಇನ್ನೊಬ್ಬರು ಅನುಮಾನದಣ್ಣ. ಕೈಗಡಿಯಾರವನ್ನೂ ಗೋಡೆ ಗಡಿಯಾರ ನೋಡಿಯೇ ನಂಬುವ ಹಿರಿಯ ವಿಶ್ಲೇಷಕ. ಅವನು ಮಾಡಿದಾಗ ಚಿಕ್ಕ ಔಷಧ ತೊಂಬತ್ತೊಂದಕ್ಕೆ ಇಳಿಯಿತು. ಮತ್ತೆ ಮಾಡಿದ, ತೊಂಬತ್ತು. ಅಕ್ಕ ಮಾಡಿದಳು, ತೊಂಬತ್ತೊಂಬತ್ತು. ಮಧ್ಯಾಹ್ನದೊಳಗೆ ಗುಸುಗುಸು ಎದ್ದಿತು, ಅಕ್ಕ ಅಂಕಿ ತಿದ್ದುತ್ತಾಳೆಂದು. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ವಿಧಾನ ರದ್ದು, ಮೇಲೆ ವಿಚಾರಣೆ ಎಂದು ಮುಖ್ಯಸ್ಥೆ ಕರೆದು ಹೇಳಿದರು. ಹದಿನಾಲ್ಕು ವರ್ಷದ ಮರ್ಯಾದೆ ಒಂದು ಮಿಲಿಗ್ರಾಂನಲ್ಲಿ ಸಿಕ್ಕಿಕೊಂಡಿತ್ತು.

ಅಕ್ಕ ಅಳಲಿಲ್ಲ ಎಂದರೆ ಸುಳ್ಳಾದೀತು. ಅತ್ತು, ಮುಖ ತೊಳೆದುಕೊಂಡು ಬಂದು, ಅನುಮಾನದಣ್ಣನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು. ಅವನು ಗುಳಿಗೆ ಪುಡಿ ಮಾಡಿದ, ಕರಗಿಸಿದ, ಸಿರಿಂಜಿಗೆ ತುಂಬಿದ. ಅದರ ತುದಿಗೆ ಸೋಸುವ ಬಿಲ್ಲೆ ಸಿಕ್ಕಿಸಿ, ಒತ್ತಿ, ಮೊದಲ ಹನಿಯಿಂದಲೇ ಸೀಸೆಗೆ ಹಿಡಿದ. ಅಕ್ಕ ಸೀಸೆಯತ್ತ ಬಾಗಿದಳು.

"ಅಣ್ಣಾ, ಮೊದಲು ಬರೋದನ್ನ ಚೆಲ್ಲಲ್ವಾ ನೀವು?"

"ಚೆಲ್ಲು ಅಂತ ಎಲ್ಲಿ ಬರ್ದಿದೀಯ?"

ಎಲ್ಲೂ ಬರೆದಿರಲಿಲ್ಲ. ತೊಳೆಯುವ ಕೋಣೆಯಲ್ಲಿ ಯಾವುದರ ಮೊದಲ ನೀರನ್ನೂ ಚೆಲ್ಲಿಯೇ ಮುಂದಿನ ಕೆಲಸ. ಆ ಕೈ ಇಲ್ಲೂ ಅವಳನ್ನು ಕೇಳದೆ ಮೊದಲ ಐದು ಮಿಲಿಲೀಟರ್ ಚೆಲ್ಲುತ್ತಿತ್ತು. ಒಣ ಬಿಲ್ಲೆಯೋ, ಚಿಕ್ಕ ಔಷಧವನ್ನು ಮೊದಮೊದಲು ಹೀರಿಕೊಂಡು, ಹೊಟ್ಟೆ ತುಂಬಿದ ಮೇಲೆ ಮಿಕ್ಕದ್ದನ್ನು ಹಾಗೇ ಬಿಡುತ್ತಿತ್ತು. ಐನೂರರಲ್ಲಿ ಚೂರು ಹೋದರೆ ಯಾರಿಗೂ ತಿಳಿಯುವುದಿಲ್ಲ; ಒಂದರಲ್ಲಿ ಹೋದರೆ ಎದ್ದು ಕಾಣುತ್ತದೆ.

ಅಕ್ಕ ನೇರ ಮುಖ್ಯಸ್ಥೆಯ ಬಳಿ ಹೋಗಿ, ತಪ್ಪು ಅಣ್ಣನದಲ್ಲ, ಬರೆಯದೆ ಬಿಟ್ಟ ತನ್ನದು ಎಂದಳು. ವಿಧಾನಕ್ಕೆ ಒಂದು ಸಾಲು ಸೇರಿಸಿದಳು. ಆಮೇಲೆ ತಾನೇ ಹಟ ಹಿಡಿದು, ಈ ಸಲ ತಾನು ಕೋಣೆಯಲ್ಲೇ ಇರುವುದಿಲ್ಲ ಎಂದು ಹೊರಗಿನ ಬೆಂಚಿನ ಮೇಲೆ ಕೂತಳು. ಮೂರು ಗಂಟೆ ಕೂತಳು, ಸೆರಗಿನ ತುದಿ ಹಿಂಡುತ್ತ.

ಅನುಮಾನದಣ್ಣ ಕಾಗದ ಹಿಡಿದು ಹೊರಗೆ ಬಂದ. ಆರು ಗುಳಿಗೆ, ಆರೂ ತೊಂಬತ್ತೊಂಬತ್ತರ ಮೇಲೆ.

"ನಿನ್ ಕೈ ಇಲ್ದೇನೂ ಬಂತಲ್ಲೇ," ಅಂದ.

ತನ್ನ ಕೈಯನ್ನು ಹೊಗಳಿಸಿಕೊಂಡು ಹಿಗ್ಗಿದವಳೇ ಅಕ್ಕ. ಆದರೆ ಆ ಕೈಯೇ ಬೇಡವಾಯಿತೆಂದು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.