ಸಕ್ಕರೆ ಹಾಕದ ಮಾತು

ನಮ್ಮ ಅತ್ತೆ, ಮಾವ ಒಂದೇ ಸೋಫಾದ ಮೇಲೆ ಕೂತು ಒಂದೇ ಟೀವಿ ನೋಡುತ್ತಿದ್ದರೂ, ಒಬ್ಬರಿಗೊಬ್ಬರು ಏನಾದರೂ ಹೇಳಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಜಗಳವೇನೂ ಇರಲಿಲ್ಲ. ಹಿರಿಯರ ಎದುರು ಗಂಡ ಹೆಂಡತಿ ನೇರವಾಗಿ ಮಾತಾಡಬಾರದೆಂಬ ರೂಢಿಯಿದ್ದ, ಧಾರವಾಡದ ಕಡೆಯ ತುಂಬಿದ ಮನೆಯಲ್ಲಿ ಸಂಸಾರ ಶುರುಮಾಡಿದವರು. ಆ ಹಿರಿಯರೆಲ್ಲ ಹೋದರು, ಇವರು ಆಂಟಾಪ್ ಹಿಲ್‌ಗೆ ಬಂದು ಅರ್ಧ ಆಯುಷ್ಯ ಕಳೆದರು, ರೂಢಿ ಮಾತ್ರ ಟ್ರಂಕಿನ ಜೊತೆ ಬಂದದ್ದು ಇಲ್ಲೇ ಉಳಿಯಿತು. ಮೊದಲು ಮಗನ ಮೂಲಕ ಮಾತು ದಾಟುತ್ತಿತ್ತು. ನಾನು ಸೊಸೆಯಾಗಿ ಬಂದ ಮೇಲೆ ಆ ನೌಕರಿ ನನಗೆ ಬಂತು. ಮಾವ ಕೈಯಳತೆಯಲ್ಲಿ ಕೂತಿದ್ದರೂ ಅತ್ತೆ ಅಡುಗೆಮನೆಯ ಕಡೆ ತಿರುಗಿ, ಚಹಾ ಆರುತ್ತಿದೆಯೆಂದು ನಿಮ್ಮ ಮಾವನಿಗೆ ಹೇಳು ಎನ್ನುತ್ತಿದ್ದರು.

ನಾನೂ ಬರೀ ಟಪಾಲಿನವಳಾಗಿರಲಿಲ್ಲ. ಮಾವ "ಹೂಂ" ಅಂದರೆ, ಚಟ್ನಿ ಬಹಳ ಚಲೋ ಆಗಿದೆಯಂತೆ ಎಂದು ಅತ್ತೆಗೆ ಹೇಳುತ್ತಿದ್ದೆ. ಅತ್ತೆ ಗೊಣಗಿದರೆ, ನಿಮ್ಮ ಬಿಪಿಯದೇ ಚಿಂತೆ ಅವರಿಗೆ ಎಂದು ಮಾವನಿಗೆ ಮುಟ್ಟಿಸುತ್ತಿದ್ದೆ. ಅದರಿಂದ ಯಾರ ಗಂಟು ಹೋಗುತ್ತಿತ್ತು? ಮನೆ ತಣ್ಣಗಿತ್ತು, ನನಗೂ ಅದರಲ್ಲಿ ಒಂದು ಹಮ್ಮಿತ್ತು.

ಆಮೇಲೆ ಅತ್ತೆಯ ಮೊಣಕಾಲುಗಳು ಕೈಕೊಟ್ಟವು. ನಮ್ಮದು ಲಿಫ್ಟಿಲ್ಲದ ಬಿಲ್ಡಿಂಗಿನ ಮೂರನೆಯ ಮಾಳಿಗೆ. ಕೆಳಗಿನ ಗುಡಿ, ಹೂವಿನವಳ ಜೊತೆಗಿನ ಚೌಕಾಸಿ, ಸಂಜೆಯ ಭಜನೆ ಎಲ್ಲ ನಿಂತುಹೋಯಿತು. ದಿನವಿಡೀ ಗ್ಯಾಲರಿಯಲ್ಲಿ ಕೂತು ಕೆಳಗೆ ನೋಡುತ್ತಿದ್ದರು. ಇನ್ನೂ ತಡಮಾಡಿದರೆ ಮನೆಯೊಳಗೂ ಓಡಾಡುವುದು ಕಷ್ಟ, ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು. ಅತ್ತೆಯನ್ನು ಕೇಳಿದರೆ, ನಿಮ್ಮ ಮಾವ ಏನಂತಾರೆ ಕೇಳು. ಮಾವನನ್ನು ಕೇಳಿದರೆ, ಅವಳ ಕಾಲು, ಅವಳನ್ನೇ ಕೇಳು. ನಾನು ಇಬ್ಬರ ಮಾತಿಗೂ ಸಕ್ಕರೆ ಹಾಕಿ ಆ ಕಡೆ ಈ ಕಡೆ ಓಡಾಡಿದ್ದೇ ಬಂತು. ಡಾಕ್ಟರು ಕೊಟ್ಟ ತಾರೀಖು ದಾಟಿಹೋಯಿತು.

ಅದೇ ವರ್ಷ ನಾನು ಅಂಧೇರಿಯಲ್ಲಿ ಕುಟುಂಬ ಮತ್ತು ದಂಪತಿಗಳ ಕೌನ್ಸೆಲಿಂಗ್ ಕಲಿಯಲು ಸೇರಿದ್ದೆ. ಶನಿವಾರ ಶನಿವಾರ ವಡಾಳಾದಿಂದ ಲೋಕಲ್ ಹಿಡಿದು ಹೋಗುತ್ತಿದ್ದೆ. ಕಲಿಸುವವರು ಮೆಲುದನಿಯ ಮರಾಠಿ ಹೆಂಗಸು, ಅಲ್ಲಿಯ ರೂಢಿಯಂತೆ ನಾವೆಲ್ಲ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ತಪ್ಪು ಯಾರದು ಎಂದು ಹುಡುಕಬೇಡಿ, ಇಬ್ಬರ ನಡುವೆ ಏನು ನಡೆಯುತ್ತಿದೆ ನೋಡಿ, ಅದರಲ್ಲಿ ಮೂರನೆಯವರು ಏನು ಮಾಡುತ್ತಿದ್ದಾರೆ ಅದನ್ನೂ ನೋಡಿ ಎನ್ನುತ್ತಿದ್ದರು. ಕ್ಲಾಸಿನಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಸಂಗತಿಯನ್ನು ಆಡಿ ತೋರಿಸಬೇಕಿತ್ತು, ಒಂದು ದಿನ ನನ್ನ ಮನೆಯ ಸರದಿ ಬಂತು. ಸಹಪಾಠಿಗಳಲ್ಲಿ ಒಬ್ಬಳನ್ನು ಅತ್ತೆ ಮಾಡಿ, ಒಬ್ಬನನ್ನು ಮಾವ ಮಾಡಿ ಕೂರಿಸಿ, ನಡುವೆ ನನ್ನ ಕುರ್ಚಿ ಹಾಕಿದೆ. ಬಾಯಿ ಬಂದು ನನ್ನ ಕುರ್ಚಿಯನ್ನೆತ್ತಿ ಬಾಗಿಲ ಹತ್ತಿರ ಇಟ್ಟರು. ಅಷ್ಟೇ! ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಮನೆ ಹಿಡಿದು ನಿಲ್ಲಿಸಿದವಳನ್ನು ಬಾಗಿಲಿಗೆ ಕಳಿಸುವುದೆಂದರೆ! ಆದರೆ ಆ ಸುಳ್ಳು ಅತ್ತೆ, ಸುಳ್ಳು ಮಾವ ತುಸು ಹೊತ್ತು ಚಡಪಡಿಸಿ, ಬೇರೆ ದಾರಿಯಿಲ್ಲದೆ ಒಬ್ಬರ ಮುಖ ಒಬ್ಬರು ನೋಡಿದರು. ವಾಪಸು ಬರುವಾಗ ಲೋಕಲ್‌ನಲ್ಲಿ ನನಗೆ ಅದೇ ಗುಂಗು.

ಬಾಯಿ ಇನ್ನೊಂದು ಉಪಾಯವನ್ನೂ ಕಲಿಸಿದ್ದರು. ಒಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಅವರನ್ನೇ ಕೇಳಬೇಡಿ, ಅವರಿಗೆ ಕೇಳಿಸುವ ಹಾಗೆ ಇನ್ನೊಬ್ಬರನ್ನು ಕೇಳಿ. ಮರುದಿನ ಭಾನುವಾರ, ಇಬ್ಬರಿಗೂ ಅವಲಕ್ಕಿ ಕೊಟ್ಟು ನಾನೂ ಎದುರಿಗೆ ಕೂತೆ.

"ಮಾವಾರ, ಅತ್ತಿಯವರಿಗೆ ಆಪರೇಶನ್ ಅಂದ್ರ ಯಾತರ ಅಂಜಿಕಿ ಇರಬೇಕು ಅಂತೀರಿ?"

ಗೊತ್ತಿಲ್ಲ ಎನ್ನುತ್ತಾರೆ, ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು ಎಂದುಕೊಂಡಿದ್ದೆ. ಮಾವ ತಟ್ಟೆ ಕೆಳಗಿಟ್ಟರು.

"ನೋವಿಗೆ ಅಂಜೂ ಪೈಕಿ ಅಲ್ಲ ಆಕಿ. ದವಾಖಾನ್ಯಾಗ ಒಬ್ಬಾಕಿನ ಆಗತೀನಿ ಅಂತ ಅಂಜಿಕಿ. ಮಗನ್ನ ಹಡಿಯೂ ಮುಂದ ನಾ ಇರಲಿಲ್ಲ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಆ ಸಂಗತಿ ನನಗೂ ಗೊತ್ತಿರಲಿಲ್ಲ. ಮಾವ ಎಂದಿನಂತೆ ನನ್ನ ಕಡೆ ತಿರುಗಿ, ಈ ಸಲ ನಾನು ಇರುತ್ತೇನೆ ಅಂತ ಆಕೆಗೆ ಹೇಳು ಎಂದರು.

ನಾಲಿಗೆಯ ತುದಿಗೆ ಎಷ್ಟು ಮಾತು ಬಂದವು ಎನ್ನುತ್ತೀರಿ! ಒಂದು ಬಟ್ಟಲು ಸಕ್ಕರೆ ಸುರಿಯುವಷ್ಟು. ಬಾಯಿಗೆ ಬೀಗ ಹಾಕಿಕೊಂಡು ಅವಲಕ್ಕಿಯಲ್ಲಿ ಶೇಂಗಾ ಹುಡುಕುತ್ತ ಕೂತೆ. ಅತ್ತೆಯೂ ನನ್ನನ್ನೇ ನೋಡಿದರು. ನಾನು ತಲೆ ಎತ್ತಲಿಲ್ಲ. ಮಾವ ಸೋಫಾದಲ್ಲೇ ಪೂರ್ತಿ ಅತ್ತೆಯ ಕಡೆ ತಿರುಗಿದರು.

"ನಾ ಇರ್ತೀನಿ."

"ಹೂಂ," ಎಂದರು ಅತ್ತೆ, ಮಾವನಿಗೇ.

ಆಪರೇಶನ್ ಆಯಿತು. ಆಸ್ಪತ್ರೆಯಲ್ಲಿ ಮಾವ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಒಮ್ಮೆ ನಾನೇ ಗದರಿಸಿ ಊಟಕ್ಕೆ ಕ್ಯಾಂಟೀನಿಗೆ ಅಟ್ಟಿದೆ. ಅವರು ಅತ್ತ ಹೋದರು, ನನಗೆ ರೂಢಿ ಬಿಡಬೇಕಲ್ಲ, ಮಾವ ನಿಮ್ಮ ಚಿಂತೆಯಲ್ಲಿ ಊಟವನ್ನೇ ಮರೆತಿದ್ದರು ಎಂದು ಅತ್ತೆಯ ಹತ್ತಿರ ಶುರುಮಾಡಿದೆ. ಅತ್ತೆ ನಕ್ಕು ನನ್ನ ಕೈ ಹಿಡಿದುಕೊಂಡರು.

"ಇಷ್ಟು ವರ್ಷ ನೀ ಸೇರಿಸಿ ಹೇಳಿದ್ದೆಲ್ಲಾ ನನಗ ಗೊತ್ತಿತ್ತವಾ. ಅಷ್ಟು ಚಂದ ಮಾತಾಡೂ ಗಂಡಸಲ್ಲ ಅದು. ಅವತ್ತಿನ ಆ ಒಂದು ಮಾತಿಗೆ ನೀ ಏನೂ ಸೇರಿಸಲಿಲ್ಲ ನೋಡು, ಅದಕ್ಕ ಹೂಂ ಅಂದೆ."