ಹೊಸ ಮದುಮಗಳು ತಂದ ಎಲುಬು

ಭಾನುವಾರ ಚಳ್ಳಕೆರೆಯಿಂದ ತಂದ ಮೀನಿನ ಸಾರು ಉಣ್ಣುವಾಗ ತಟ್ಟೆಯಂಚಿನಲ್ಲಿ ಬೆನ್ನೆಲುಬಿನ ಒಂದು ಮಣಿ ಉಳಿಯಿತು. ಎರಡೂ ಕಡೆ ಕುಳಿಬಿದ್ದ ಪುಟ್ಟ ಬಿಲ್ಲೆ. ಅದನ್ನು ಕಂಡು ನನಗೆ ನನ್ನ ಮಧುಚಂದ್ರ ನೆನಪಾಯಿತು ಎಂದರೆ ನೀವು ನಗಬಾರದು.

ತೊಂಬತ್ತರ ದಶಕದ ಮಾತು. ಕೊಂಡ್ಲಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ಗಂಡನಿಗೆ ಪಳೆಯುಳಿಕೆಯ ಹುಚ್ಚು. ಮೊಳಕಾಲ್ಮೂರಿನ ಸುತ್ತ ಬಂಡೆಗೇನು ಬರವೇ? ಆದರೆ ಇವರು, "ನಮ್ ಕಡೆ ಬಂಡೆಗಳು ಎಲುಬು ಅನ್ನೋದು ಹುಟ್ಟೋಕಿಂತ ಮುಂಚಿನವು ಕಣೆ, ಅದ್ರಾಗೆ ಏನೂ ಸಿಗಲ್ಲ," ಎಂದು ನನ್ನನ್ನು ಒಂದು ಕಾಲಕ್ಕೆ ಕಡಲ ತಳವಾಗಿದ್ದ ತಮಿಳುನಾಡಿನ ಅರಿಯಲೂರಿಗೆ ಕರೆದೊಯ್ದರು. ಗೆಳತಿಯರೆಲ್ಲ ಊಟಿಯ ಫೋಟೊ ತೋರಿಸುತ್ತಿದ್ದ ಕಾಲ. ನಾನು ಕಾದ ಮಣ್ಣುದಿಬ್ಬದ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ.

ಸಿಟ್ಟಿಗೆ ಚಪ್ಪಲಿಯಿಂದ ನೆಲ ಕೆರೆಯುತ್ತಿದ್ದಾಗ ಎರಡೂ ಕಡೆ ಕುಳಿಬಿದ್ದ ಅಂಗೈಯಗಲದ ಕಲ್ಲಿನಂಥ ತುಂಡೊಂದು ಮೇಲೆದ್ದಿತು.

"ಕಪ್ಪೆಚಿಪ್ಪು," ಎಂದರು ಇವರು, ದೂರದಿಂದಲೇ.

"ಅಲ್ಲರೀ, ಮೀನಿನ ಬೆನ್ನೆಲುಬು ಇದ್ದಂಗೈತೆ."

"ಇಷ್ಟು ದೊಡ್ಡ ಮೀನಾ?" ಎಂದು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ತುಂಡನ್ನು ಸೆರಗಿಗೆ ಕಟ್ಟಿಕೊಂಡು ಕಿಟಕಿಯತ್ತ ತಿರುಗಿ ಕೂತೆ.

ಮನೆಯಲ್ಲಿ ಅತ್ತೆ ಅದನ್ನು ನೋಡಿ, "ಸೊಸೆ ಬಳೆ ತರ್ತಾಳೆ ಅಂದ್ಕಂಡ್ರೆ ಎಲುಬು ತಂದವ್ಳೆ. ದೇವ್ರ ಮನೆಯಿಂದ ದೂರ ಇಡವ್ವ," ಎಂದರು.

ಮುಂದಿನ ವಾರ ಚಿತ್ರದುರ್ಗದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಹಿರಿಯರೊಬ್ಬರ ಬಳಿ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ನಾನು ಗೆದ್ದರೆ ಇವರ ಮುಖ ಹೇಗಾದೀತು? ಇವರು ಗೆದ್ದರೆ ಜೀವನವಿಡೀ ನನ್ನ ಗತಿ ಏನು?

ಹಿರಿಯರು ಭೂತಗನ್ನಡಿ ಹಿಡಿದು ಬಹಳ ಹೊತ್ತು ಹೊರಳಿಸಿ ನೋಡಿದರು. "ಬೆನ್ನೆಲುಬು ಹೌದು. ಮೀನಲ್ಲ. ಪಕ್ಕದಲ್ಲಿ ಈ ಉಬ್ಬು ಐತಲ್ಲ, ಇದು ಪಕ್ಕೆಲುಬು ಕೂರೋ ಜಾಗ. ಮೀನಿನ ಹಾಗೆ ಈಜ್ತಿದ್ದ ಸರೀಸೃಪ ಇದು. ಹಲ್ಲಿ, ಮೊಸಳೆಗಳ ದೂರದ ನೆಂಟ. ಯಾರಿಗೆ ಸಿಕ್ತು?"

ನಾನು ಬಾಯಿ ತೆರೆಯುವ ಮೊದಲೇ ಇವರು, "ಇವಳಿಗೆ ಸರ್. ವರ್ಷಗಟ್ಟಲೆ ಹುಡುಕಿದ ನಾನು ಕಪ್ಪೆಚಿಪ್ಪು ಅಂದುಬಿಟ್ಟಿದ್ದೆ," ಎಂದರು. ದನಿಯಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಕ್ಕಿದ್ದು ಹೆಮ್ಮೆ. ಊಟಿಯನ್ನು ನಾನು ಮರೆತದ್ದು ಅಲ್ಲೇ. ತುಂಡನ್ನು ಅವರ ಕಾಲೇಜಿಗೇ ಕೊಟ್ಟು ಬಂದೆವು. ಅತ್ತೆ ನಿರಾಳವಾದರು.

ಹುಚ್ಚು ಮಾತ್ರ ನನಗೂ ಅಂಟಿತು. ಈಗ ಯಾವ ಊರಿಗೆ ಹೋದರೂ ಕಣ್ಣು ನೆಲದ ಮೇಲೆಯೇ. ಮೊನ್ನೆ ರಾಂಪುರದ ಸಂತೆಯಲ್ಲಿ ಅಜ್ಜಿಯೊಬ್ಬಳು ನನ್ನನ್ನು ತೋರಿಸಿ ಮೊಮ್ಮಗಳಿಗೆ ಹೇಳುತ್ತಿದ್ದಳು: "ಆಯಮ್ಮನ್ನ ನೋಡಿ ಕಲಿ. ತಲೆ ಎತ್ತದಂಗೆ ಎಷ್ಟು ಮರ್ಯಾದೆಯಿಂದ ನಡೀತಾಳೆ."